ಮೇಜಿನ ಮೇಲಿನ ರೈಲುಹಾದಿ

ಕಾರವಾರದಿಂದ ಪೂರ್ವಕ್ಕೆ ಕಾಳಿ ನದಿಯ ದಂಡೆಯನ್ನು ಹಿಡಿದು ಹೊರಟರೆ, ಕದ್ರಾ ಅಣೆಕಟ್ಟಿನ ಸಮೀಪದಲ್ಲಿ ಮಲ್ಲಾಪುರವೆಂಬ ಊರು ಸಿಗುತ್ತದೆ. ಅಲ್ಲಿಂದ ಮುಂದೆ ದಟ್ಟವಾದ ಕಾಡಿನ ನಡುವೆ ಕೈಗಾ ಅಣುವಿದ್ಯುತ್ ಕೇಂದ್ರವಿದೆ. ಆ ಕೇಂದ್ರದಲ್ಲಿ ದುಡಿಯುವವರ ವಸತಿಗಳಿರುವುದು ಮಲ್ಲಾಪುರದಲ್ಲಿ. ಕೈಗಾದಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿವೆ. ಮೊದಲಿನ ಎರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ನಾಡಿಗೆ ವಿದ್ಯುತ್ತನ್ನು ಒದಗಿಸತೊಡಗಿದವು. ಇಷ್ಟು ಶಕ್ತಿ ಹುಟ್ಟುವ ಸ್ಥಳದ ನೆರೆಯಲ್ಲಿ ನಾನು ಕಂಡು ಬೆರಗಾದದ್ದು ಮಾತ್ರ ಕೇವಲ 12 ವೋಲ್ಟಿನಲ್ಲಿ ಓಡುವ ಒಂದು ರೈಲನ್ನು.

ನನ್ನ ಬಾಲ್ಯದ ಗೆಳೆಯರೊಬ್ಬರು ಹುಬ್ಬಳ್ಳಿಯಲ್ಲಿ ರೈಲು ಚಾಲಕರಾಗಿದ್ದು ನಿವೃತ್ತರಾದವರು. ಉಗಿ ಎಂಜಿನ್ನಿಗೆ ಕಲ್ಲಿದ್ದಲು ಎರಚುವ ಫೈರ್‌ಮನ್ ಆಗಿ ಸೇರಿ, ಡೀಸೆಲ್ ಎಂಜಿನ್ನಿನ ಚಾಲಕರಾಗಿ ಹೊರಬಂದವರು. ನಾಲ್ಕಾರು ವರ್ಷಗಳ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲುಗಳ ಸ್ವಾಧೀನ ತಪ್ಪಿತು. ಮಗ ಕೈಗಾ ಕೇಂದ್ರದಲ್ಲಿ ನೌಕರ. ತಂದೆಯನ್ನು ಮಲ್ಲಾಪುರದ ತನ್ನ ಮನೆಗೆ ಕರೆತಂದ. ನಾನು ಅವರನ್ನು ನೋಡಲೆಂದು ಹೋದಾಗ ಗೆಳೆಯರು ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತಿದ್ದರು. ಅವರ ದೃಷ್ಟಿ ಹೊರಗಿನ ಕಾಡಿನ ಮೇಲಿರಲಿಲ್ಲ. ಪಡಸಾಲೆಯ ಆ ಬದಿಯಲ್ಲಿದ್ದ ಒಂದು ದೊಡ್ಡ ಮೇಜಿನ ಮೇಲಿತ್ತು.

ಮೇಜು ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಲಗೆ. ಅದರ ಮೇಲೆ ಒಂದರೊಳಗೊಂದು ಎಂಬಂತೆ ಎರಡು ಸುತ್ತುಹಳಿಗಳು. ಹೊರಸುತ್ತಿಗೆ ಮಕ್ಕಳು ಇಟ್ಟ ಹೆಸರು ಕೊಂಕಣ ರೈಲ್ವೆ. ಅದರಲ್ಲಿ ಕಾರವಾರ, ಅಂಕೋಲೆ ಎಂಬ ಎರಡು ರಟ್ಟಿನ ನಿಲ್ದಾಣಗಳಿದ್ದವು. ಒಳಸುತ್ತಿನ ಹೆಸರು ಹುಬ್ಬಳ್ಳಿ–ಅಂಕೋಲೆ ಮಾರ್ಗ. ಈ ಎರಡನೆಯ ಹೆಸರನ್ನು ಓದಿ ನನಗೆ ನಗು ಬಂದಿತು. ಆ ಮಾರ್ಗಕ್ಕೆ 1999ರಲ್ಲಿಯೇ ಅಡಿಗಲ್ಲನ್ನಿಟ್ಟರೂ, ಕಾಡು ಉಳಿಯಬೇಕೇ ರೈಲು ಬರಬೇಕೇ ಎಂಬ ವಾದದಲ್ಲಿ ಸಿಲುಕಿ, ಅದು ಇನ್ನೂ ಘಟ್ಟವನ್ನು ಇಳಿದು ಅಂಕೋಲೆಯನ್ನು ಮುಟ್ಟಿಲ್ಲ. ಭೂಪಟದಲ್ಲಿ ಇಲ್ಲದ ಹಾದಿ ಮಲ್ಲಾಪುರದ ಪಡಸಾಲೆಯಲ್ಲಿ ಸಿದ್ಧವಾಗಿತ್ತು.

ಇಂಥ ರೈಲುಗಳನ್ನು ಆಟಿಕೆಯೆಂದು ಕರೆದರೆ ಅವನ್ನು ಕಟ್ಟುವವರಿಗೆ ಸಿಟ್ಟು ಬರುತ್ತದೆ. ಇವು ಮಾದರಿಗಳು. ಒಂದು ನಿಶ್ಚಿತ ಪ್ರಮಾಣದಲ್ಲಿ ನಿಜವಾದ ರೈಲನ್ನು ಕುಗ್ಗಿಸಿ ಇವನ್ನು ತಯಾರಿಸುತ್ತಾರೆ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣದ ಹೆಸರು ಎಚ್‌ಓ. ಅದರಲ್ಲಿ ಪ್ರತಿಯೊಂದು ಅಳತೆಯೂ ನಿಜದ 87ನೆಯ ಒಂದು ಭಾಗ. ಎರಡು ಹಳಿಗಳ ನಡುವಣ ಅಂತರ 16.5 ಮಿಲಿಮೀಟರ್. ಯುರೋಪು, ಅಮೆರಿಕಗಳಲ್ಲಿ ಬಹುಪಾಲು ರೈಲುಹಳಿಯ ಅಗಲ 1435 ಮಿಲಿಮೀಟರ್ ಆದುದರಿಂದ ಅವರಿಗೆ ಲೆಕ್ಕ ಸರಿಹೋಗುತ್ತದೆ. ನಮ್ಮ ಬ್ರಾಡ್‌ಗೇಜ್ ಹಳಿಯ ಅಗಲ 1676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿ ನೋಡಿ: 19 ಮಿಲಿಮೀಟರಿಗಿಂತಲೂ ಸ್ವಲ್ಪ ಹೆಚ್ಚು ಬರುತ್ತದೆ. ಆದ್ದರಿಂದ ಪೇಟೆಯಲ್ಲಿ ಸಿಗುವ ಹಳಿಯ ಮೇಲೆ ಭಾರತದ ರೈಲನ್ನು ನಿಲ್ಲಿಸಿದರೆ ಅದು ಕಾಲು ಕೂಡಿಸಿ ನಿಂತ ಆಳಿನಂತೆ ಕಾಣುತ್ತದೆ. ಗೆಳೆಯರಿಗೆ ಇದೊಂದು ತೀರದ ಕೊರಗು.

ಈ ಪುಟ್ಟ ಎಂಜಿನ್ನು ಓಡುವುದು ಹೇಗೆ? ಅದರೊಳಗೆ ಬ್ಯಾಟರಿಯಿಲ್ಲ, ಮೇಲೆ ತಂತಿಯೂ ಇಲ್ಲ. ಅದಕ್ಕೆ ವಿದ್ಯುತ್ತನ್ನು ತಂದುಕೊಡುವ ತಂತಿಗಳು ಹಳಿಗಳೇ. ಮನೆಯ 230 ವೋಲ್ಟಿನ ವಿದ್ಯುತ್ತನ್ನು ಒಂದು ಅಡಾಪ್ಟರು ತಗ್ಗಿಸಿ, ಒಂದೇ ದಿಕ್ಕಿಗೆ ಹರಿಯುವಂತೆ ಮಾಡಿ, ಹೆಚ್ಚೆಂದರೆ 12 ವೋಲ್ಟಿನಷ್ಟನ್ನು ಹಳಿಗಳಿಗೆ ಕೊಡುತ್ತದೆ. ಒಂದು ಹಳಿ ಧನ, ಇನ್ನೊಂದು ಋಣ. ಎಂಜಿನ್ನಿನ ಬಲಗಾಲಿಗಳಿಗೂ ಎಡಗಾಲಿಗಳಿಗೂ ನಡುವೆ ವಿದ್ಯುತ್ತು ಹಾಯದಂತೆ ತಡೆಯಿರುತ್ತದೆ. ಇಲ್ಲವಾದರೆ ಅಚ್ಚಿನ ಮೂಲಕವೇ ಎರಡು ಹಳಿಗಳೂ ಕೂಡಿ, ಬೆಂಕಿಪೊಟ್ಟಣದ ಕಡ್ಡಿ ಗೀರಿದಂತೆ ಕಿಡಿಯೇಳುತ್ತಿತ್ತು. ಬಲಗಾಲಿಯಿಂದ ಹತ್ತಿದ ವಿದ್ಯುತ್ತು ಎಂಜಿನ್ನಿನ ಹೊಟ್ಟೆಯಲ್ಲಿರುವ ಮೋಟಾರನ್ನು ತಿರುಗಿಸಿ, ಎಡಗಾಲಿಯಿಂದ ಇಳಿದು ಹೋಗುತ್ತದೆ. ವೋಲ್ಟೇಜು ಹೆಚ್ಚಿದಷ್ಟೂ ವೇಗ ಹೆಚ್ಚು, ತಗ್ಗಿದಷ್ಟೂ ಕಡಿಮೆ.

ದಿಕ್ಕಿನ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಎಂಜಿನ್ನಿನ ಬಲಗಡೆಯ ಹಳಿ ಧನವಾಗಿದ್ದರೆ ಅದು ಮುಂದಕ್ಕೆ ಚಲಿಸಬೇಕೆಂಬುದು ಮಾದರಿ ರೈಲುಗಳಲ್ಲಿ ಎಲ್ಲರೂ ಒಪ್ಪಿಕೊಂಡ ನಿಯಮ. ಹಳಿಗಳ ಧನ ಋಣಗಳನ್ನು ಅದಲುಬದಲು ಮಾಡಿದರೆ ಎಂಜಿನ್ನು ಹಿಂದಕ್ಕೆ ಹೊರಡುತ್ತದೆ. ಈಗ ಒಂದು ಪ್ರಶ್ನೆ. ಹಳಿಗಳನ್ನು ಹಾಗೆಯೇ ಬಿಟ್ಟು, ಎಂಜಿನ್ನನ್ನೇ ಕೈಯಲ್ಲೆತ್ತಿ ಮುಖ ತಿರುಗಿಸಿ ಇಟ್ಟರೆ ಏನಾಗುತ್ತದೆ? ಅದು ಬಂದ ದಾರಿಯಲ್ಲೇ ಹಿಂದಿರುಗುತ್ತದೆಂದು ನೀವು ಊಹಿಸಬಹುದು. ಹಾಗಾಗುವುದಿಲ್ಲ. ಮೊದಲು ಬಲಗಡೆಗಿದ್ದ ಹಳಿ ಈಗ ಎಡಗಡೆಗೆ ಬಂದಿತಷ್ಟೆ. ಆದ್ದರಿಂದ ಎಂಜಿನ್ನು ಹಿಂದುಹಿಂದಕ್ಕೆ ಚಲಿಸುತ್ತ ಮೊದಲಿನ ದಿಕ್ಕಿಗೇ ಹೋಗುತ್ತದೆ. ಹೋಗುವ ದಿಕ್ಕನ್ನು ಗೊತ್ತುಮಾಡುವುದು ಎಂಜಿನ್ನಲ್ಲ, ಹಳಿ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ಹಳಿಯೇ ಒಡೆಯನಾದರೆ ಒಂದು ತೊಡಕುಂಟು. ಒಂದೇ ಸುತ್ತಿನಲ್ಲಿ ಎರಡು ಎಂಜಿನ್ನುಗಳನ್ನಿಟ್ಟರೆ ಹಳಿಗೆ ಬಂದ ವಿದ್ಯುತ್ತು ಎರಡಕ್ಕೂ ಹೋಗುತ್ತದೆ. ಎರಡೂ ಒಟ್ಟಿಗೆ ಹೊರಡುತ್ತವೆ, ಒಟ್ಟಿಗೆ ನಿಲ್ಲುತ್ತವೆ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸುವ ಮಾತೇ ಇಲ್ಲ. ಎರಡು ಮೋಟಾರುಗಳು ಎಂದಿಗೂ ಸರಿಸಮನಾಗಿರುವುದಿಲ್ಲವಾದ್ದರಿಂದ, ಒಂದು ಇನ್ನೊಂದನ್ನು ಅಟ್ಟಿಸಿಕೊಂಡು ಹೋಗುತ್ತದೆ. ಗೆಳೆಯರ ಮನೆಯಲ್ಲಿ ಆದದ್ದೂ ಇದೇ. ಅವರ ಟ್ರಂಕಿನಲ್ಲಿ 1980ರ ದಶಕದಲ್ಲಿ ವಿದೇಶದಿಂದ ಬಂದಿದ್ದ ಒಂದು ಹಳೆಯ ಉಗಿ ಎಂಜಿನ್ನಿನ ಮಾದರಿಯಿತ್ತು. ಅದು ಭಾರವಾದದ್ದು, ನಿಧಾನಗತಿಯದು. ಮೊಮ್ಮಗನಿಗೆ ಹುಟ್ಟುಹಬ್ಬಕ್ಕೆ ಬಂದ ಹೊಸ ಎಂಜಿನ್ನು ಹಗುರ, ವೇಗದ್ದು. ಎರಡನ್ನೂ ಒಂದೇ ಸುತ್ತಿನಲ್ಲಿ ಬಿಟ್ಟ ದಿನ, ಮೂರನೆಯ ಸುತ್ತಿಗೆ ಹೊಸದು ಹಳೆಯದನ್ನು ಹಿಂದಿನಿಂದ ಗುದ್ದಿತು. ಹಳೆಯ ಎಂಜಿನ್ನಿನ ಹಿಂಬದಿಯ ದೀಪ ಮುರಿದು ಹೋಯಿತು. ಅಜ್ಜ ಬೈಯಲಿಲ್ಲ; ಅಂದು ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲವೆಂದು ಸೊಸೆ ನನಗೆ ಹೇಳಿದರು.

ಅದಾದ ಮೇಲೆಯೇ ಎರಡು ಸುತ್ತುಗಳನ್ನು ಬೇರ್ಪಡಿಸಿದ್ದು. ಸುತ್ತುಗಳನ್ನು ಕೂಡಿಸುವ ಪಾಯಿಂಟುಗಳ ನಡುವೆ, ಹಳಿಯ ತುಂಡುಗಳನ್ನು ಜೋಡಿಸುವ ಲೋಹದ ಕೊಂಡಿಗಳನ್ನು ತೆಗೆದು ಪ್ಲಾಸ್ಟಿಕ್ಕಿನ ಕೊಂಡಿಗಳನ್ನು ಹಾಕಿದರು. ಎಂಜಿನ್ನಿನ ಗಾಲಿ ಆ ಸಂದಿಯನ್ನು ಸಲೀಸಾಗಿ ದಾಟುತ್ತದೆ, ವಿದ್ಯುತ್ತು ದಾಟದು. ಒಂದೊಂದು ಸುತ್ತಿಗೂ ಬೇರೆ ಅಡಾಪ್ಟರು, ಬೇರೆ ತಿರುಗುಗುಂಡಿ. ಒಂದು ಸುತ್ತು, ಒಂದು ರೈಲು, ಒಂದು ಕೈ.

ನಿಜವಾದ ರೈಲುಹಾದಿಯ ನೀತಿಯೂ ಇದೇ ಅಲ್ಲವೆ? ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಸಮೀಪದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಉದ್ದದ ಕೊಂಕಣ ರೈಲುಮಾರ್ಗ 1998ರ ಜನವರಿ 26ರಂದು ಪೂರ್ತಿಯಾಗಿ ಸಂಚಾರಕ್ಕೆ ತೆರೆಯಿತು. 2021ರಲ್ಲಿ ಜೋಡಿಹಳಿಯಾದ ರೋಹಾ–ವೀರ್ ಭಾಗವನ್ನು ಬಿಟ್ಟರೆ ಅದು ಬಹುಮಟ್ಟಿಗೆ ಒಂಟಿ ಹಳಿಯ ಹಾದಿ. ಎದುರುಬದುರಾಗಿ ಬರುವ ರೈಲುಗಳೂ ಅದೇ ಹಳಿಯಲ್ಲಿ ಬರಬೇಕು. ಆದ್ದರಿಂದ ನಿಲ್ದಾಣದಿಂದ ನಿಲ್ದಾಣಕ್ಕೆ ಹಾದಿಯನ್ನು ಬ್ಲಾಕುಗಳಾಗಿ ವಿಂಗಡಿಸಿ, ಒಂದು ಬ್ಲಾಕಿನಲ್ಲಿ ಒಂದು ರೈಲಿರುವಾಗ ಇನ್ನೊಂದಕ್ಕೆ ಪ್ರವೇಶವಿಲ್ಲವೆಂದು ಕಟ್ಟುಮಾಡಿದ್ದಾರೆ. ಅಂಕೋಲೆಯಂಥ ನಿಲ್ದಾಣದಲ್ಲಿ ಒಂದು ರೈಲು ಮುಖ್ಯ ಹಳಿಯನ್ನು ಬಿಟ್ಟು ಪಕ್ಕದ ಲೂಪ್ ಲೈನಿಗೆ ಸರಿದು ನಿಲ್ಲುತ್ತದೆ; ಎದುರಿನಿಂದ ಬಂದದ್ದು ಹಾದುಹೋಗುತ್ತದೆ. ಗಾಡಿ ಸುಮ್ಮನೆ ನಿಂತಿದೆಯೆಂದು ಗೊಣಗುವ ಪ್ರಯಾಣಿಕನಿಗೆ, ಆ ನಿಲುಗಡೆಯೇ ತನ್ನ ಪ್ರಾಣವನ್ನು ಕಾಯುತ್ತಿದೆಯೆಂಬುದು ಹೊಳೆಯುವುದಿಲ್ಲ. ಹಿಂದೆ ಒಂಟಿ ಹಳಿಯ ಹಲವು ಹಾದಿಗಳಲ್ಲಿ ಚಾಲಕನ ಕೈಗೆ ಲೋಹದ ಒಂದು ಟೋಕನ್ನನ್ನು ಕೊಡುತ್ತಿದ್ದರು. ಅದು ಕೈಯಲ್ಲಿದ್ದರೆ ಮಾತ್ರ ಮುಂದಿನ ಬ್ಲಾಕು ಅವನದು. ಓಡುವ ಗಾಡಿಯಿಂದಲೇ ಬಿದಿರಿನ ಬಳೆಯಲ್ಲಿ ಸಿಕ್ಕಿಸಿದ ಟೋಕನ್ನನ್ನು ಹಿಡಿಯುತ್ತಿದ್ದ ಬಗೆಯನ್ನು ಗೆಳೆಯರು ಒಳ್ಳೆಯ ಬಲಗೈಯನ್ನು ಬೀಸಿ ನನಗೆ ತೋರಿಸಿದರು.

ಸುತ್ತುಗಳು ಬೇರೆಯಾದುವು, ರೈಲುಗಳು ನಿರಾತಂಕವಾಗಿ ಓಡಿದುವು. ಆದರೆ ತಿರುಗುಗುಂಡಿಗಳಿದ್ದದ್ದು ಮೇಜಿನ ಅಂಚಿನಲ್ಲಿ. ಗೆಳೆಯರಿದ್ದದ್ದು ಹತ್ತು ಅಡಿ ದೂರದ ಕುರ್ಚಿಯಲ್ಲಿ. ಮೂವತ್ತೈದು ವರ್ಷ ಎಂಜಿನ್ನು ನಡೆಸಿದವರು ಮೊಮ್ಮಕ್ಕಳು ನಡೆಸುವುದನ್ನು ನೋಡುತ್ತ ಕುಳಿತಿರಬೇಕಾಯಿತು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳಿಗೆ ಇದು ಸರಿಕಾಣಲಿಲ್ಲ. ದೂರದಿಂದಲೇ ಅಜ್ಜ ರೈಲನ್ನು ಓಡಿಸುವಂತೆ ಆಗಬೇಕೆಂದು ಅವಳು ಹಟ ಹಿಡಿದಳು.

ದೂರದಿಂದ ಯಂತ್ರವನ್ನು ಆಳುವ ಆಸೆ ಇಂದಿನದಲ್ಲ. 1890ರ ದಶಕದ ನಡುಭಾಗದಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ, ಕಣ್ಣಿಗೆ ಕಾಣದ ಅಲೆಗಳನ್ನು ಗೋಡೆಯಾಚೆಗೆ ಕಳುಹಿಸಿ ಗಂಟೆಯನ್ನು ಬಾರಿಸಿದರು, ಮದ್ದಿಗೆ ಕಿಡಿ ತಾಗಿಸಿದರು. 1898ರಲ್ಲಿ ನಿಕೊಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ನೀರಿನ ತೊಟ್ಟಿಯೊಳಗೆ ತೇಲಿಬಿಟ್ಟ ಚಿಕ್ಕ ದೋಣಿಯನ್ನು ತಂತಿಯಿಲ್ಲದೆ ತಿರುಗಿಸಿ ತೋರಿಸಿದರು. ಇಂದು ನಾವು ದೂರದರ್ಶನದ ಮುಂದೆ ಕುಳಿತು ಒತ್ತುವ ರಿಮೋಟು ಆ ಕುಲದ ಕಿರಿಯ ಕುಡಿ.

ಮಾದರಿ ರೈಲಿಗೆ ದೂರದಿಂದ ಆಜ್ಞೆ ಕೊಡಲು ಎರಡು ದಾರಿಗಳಿವೆ. ಮೊದಲನೆಯದು ಎಂಜಿನ್ನಿಗೇ ಕಿವಿ ಕೊಡುವುದು. ಪ್ರತಿಯೊಂದು ಎಂಜಿನ್ನಿನೊಳಗೂ ಅಂಚೆಚೀಟಿಯಷ್ಟು ಚಿಕ್ಕದಾದ ಒಂದು ವಿದ್ಯುನ್ಮಾನ ಫಲಕವನ್ನು ಹುದುಗಿಸುತ್ತಾರೆ. ಹಳಿಯಲ್ಲಿ ಸದಾಕಾಲ ಪೂರ್ಣ ವಿದ್ಯುತ್ತಿರುತ್ತದೆ. ಅದರೊಡನೆ ಸಂಕೇತಗಳೂ ಹರಿಯುತ್ತವೆ. ತನ್ನ ಸಂಖ್ಯೆಗೆ ಬಂದ ಸಂಕೇತವನ್ನು ಮಾತ್ರ ಎಂಜಿನ್ನು ಪಾಲಿಸುತ್ತದೆ. ಜರ್ಮನಿಯ ಲೆಂಜ್ ಸಂಸ್ಥೆ ರೂಪಿಸಿದ ಈ ಪದ್ಧತಿಯನ್ನು ಆಧರಿಸಿ 1990ರ ದಶಕದಲ್ಲಿ ಅಮೆರಿಕದ ಮಾದರಿ ರೈಲು ಸಂಘದವರು ಅಳತೆಗಟ್ಟುಗಳನ್ನು ಗೊತ್ತುಮಾಡಿದರು. ಇಂದು ಈ ಪದ್ಧತಿ ಬಹುವಾಗಿ ಹರಡಿದೆ. ಇದರಲ್ಲಿ ಒಂದೇ ಸುತ್ತಿನಲ್ಲಿ ಹಲವು ರೈಲುಗಳನ್ನು ಬೇರೆಬೇರೆಯಾಗಿ ಓಡಿಸಬಹುದು.

ಆದರೆ ಹಳೆಯ ಎಂಜಿನ್ನಿನಲ್ಲಿ ಫಲಕಕ್ಕೆ ಸ್ಥಳವಿರಲಿಲ್ಲ. ಮೋಟಾರಿನ ಒಂದು ತುದಿ ಎಂಜಿನ್ನಿನ ಲೋಹದ ಚೌಕಟ್ಟಿಗೇ ಕೂಡಿಕೊಂಡಿತ್ತು. ಅದನ್ನು ಬಿಡಿಸಬೇಕಾದರೆ ಒಳಗಿನದನ್ನೆಲ್ಲ ಕೊರೆದು ತೆಗೆಯಬೇಕು. ಗೆಳೆಯರು ಅದಕ್ಕೆ ಒಪ್ಪಲಿಲ್ಲ. “ಎಂಜಿನ್ ಹೊಟ್ಟಿ ಸೀಳೂದು ಬ್ಯಾಡವಾ” ಎಂದುಬಿಟ್ಟರು. ದೀಪ ಮುರಿದದ್ದೇ ಅವರಿಗೆ ಸಾಕಾಗಿತ್ತು.

ಉಳಿದದ್ದು ಎರಡನೆಯ ದಾರಿ. ಎಂಜಿನ್ನಿಗೆ ಬದಲಾಗಿ ಹಳಿಗೆ ಕಿವಿ ಕೊಡುವುದು. ಅಮೆರಿಕದಲ್ಲಿ 1900ರಲ್ಲಿ ಸ್ಥಾಪಿತವಾದ ಲಯೊನೆಲ್ ಎಂಬ ಸಂಸ್ಥೆ 1990ರ ದಶಕದಲ್ಲಿ ಇಂಥದೊಂದು ಪೆಟ್ಟಿಗೆಯನ್ನು ಪೇಟೆಗೆ ತಂದಿತ್ತು. ಟ್ರಾನ್ಸ್‌ಫಾರ್ಮರಿಗೂ ಹಳಿಗೂ ನಡುವೆ ಪೆಟ್ಟಿಗೆಯನ್ನು ಕೂಡಿಸಿದರೆ, ಕೈಯಲ್ಲಿ ಹಿಡಿದ ರಿಮೋಟಿನಿಂದ ಹಳಿಯ ವಿದ್ಯುತ್ತನ್ನು ಏರಿಸಬಹುದು, ಇಳಿಸಬಹುದು. ಅವರ ರೈಲುಗಳಿಗೆ ಬಳಸುವ ವಿದ್ಯುತ್ತು ಬೇರೆ ಬಗೆಯದು. ತತ್ತ್ವ ಮಾತ್ರ ಒಂದೇ. ಹಳೆಯ ಎಂಜಿನ್ನನ್ನು ಮುಟ್ಟಬೇಕಾಗಿಲ್ಲ. ತನ್ನನ್ನು ಓಡಿಸುತ್ತಿರುವುದು ಹತ್ತಿರದ ಕೈಯೋ ದೂರದ ಕೈಯೋ ಎಂಬುದು ಅದಕ್ಕೆ ತಿಳಿಯುವುದೇ ಇಲ್ಲ. ಅದು ಬಲ್ಲದ್ದು ಗಾಲಿಯ ಕೆಳಗಿನ ಹಳಿಯಲ್ಲಿ ಎಷ್ಟು ವೋಲ್ಟು ಇದೆಯೆಂಬುದನ್ನಷ್ಟೆ.

ಮೊಮ್ಮಗಳು ತಂದೆಯ ನೆರವಿನಿಂದ ಅಂಥ ಎರಡು ಪೆಟ್ಟಿಗೆಗಳನ್ನು ತಾನೇ ಕಟ್ಟಿದಳು. ಮೊದಲು ಅವಳು ಬಳಸಿದ್ದು ದೂರದರ್ಶನದ ರಿಮೋಟಿನಲ್ಲಿರುವಂಥ ಅವಗೆಂಪು ಬೆಳಕನ್ನು. ಅದು ಬೆಳಕೇ ಆದ್ದರಿಂದ ಅಡ್ಡ ಬಂದದ್ದನ್ನು ದಾಟುವುದಿಲ್ಲ. ತಮ್ಮ ಮೇಜಿನ ಮುಂದೆ ಬಂದು ನಿಂತಾಗಲೆಲ್ಲ ಅಜ್ಜನ ಆಜ್ಞೆ ತಮ್ಮನ ಬೆನ್ನಿಗೆ ತಗಲಿ ಅಲ್ಲಿಯೇ ಉಳಿಯುತ್ತಿತ್ತು. ಆಮೇಲೆ ರೇಡಿಯೋ ಅಲೆಗೆ ಬದಲಾಯಿಸಿದಳು. ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುವ, ಹನ್ನೆರಡೂವರೆ ಸೆಂಟಿಮೀಟರ್ ಉದ್ದದ ಅಲೆ ಅದು. ಮನೆಮನೆಯ ವೈಫೈ ಕೂಡ ಈ ಪಟ್ಟಿಯಲ್ಲಿಯೇ ಕೆಲಸ ಮಾಡುತ್ತದೆ.

ರಿಮೋಟು ಕಳುಹಿಸುವ ಸಂದೇಶ ಬಹಳ ಚಿಕ್ಕದು. ಯಾವ ಸುತ್ತು, ಯಾವ ದಿಕ್ಕು, ಎಷ್ಟು ವೇಗ, ಕೊನೆಯಲ್ಲಿ ಸಂದೇಶ ಕೆಡದೆ ತಲುಪಿತೇ ಎಂದು ಪರೀಕ್ಷಿಸಲು ಒಂದು ತಾಳೆಯ ಅಂಕಿ. ಸಂದೇಶ ಎರಡು ಪೆಟ್ಟಿಗೆಗಳಿಗೂ ಕೇಳಿಸುತ್ತದೆ. ಆದರೆ ತರಗತಿಯಲ್ಲಿ ಹಾಜರಿ ಕರೆಯುವಾಗ ಎಲ್ಲರಿಗೂ ಎಲ್ಲ ಸಂಖ್ಯೆಗಳೂ ಕೇಳಿಸಿದರೂ, ತನ್ನ ಸಂಖ್ಯೆಗೆ ಮಾತ್ರ ಹುಡುಗ ಎದ್ದು ನಿಲ್ಲುವಂತೆ, ಒಂದನೆಯ ಪೆಟ್ಟಿಗೆ ಒಂದನೆಯ ಸುತ್ತಿನ ಮಾತನ್ನೇ, ಎರಡನೆಯದು ಎರಡರ ಮಾತನ್ನೇ ಪಾಲಿಸುತ್ತದೆ. ಬೇರೆಯವರ ಹೆಸರಿಗೆ ಹಾಜರಿ ಹೇಳುವ ಪುಂಡರು ಪೆಟ್ಟಿಗೆಗಳಲ್ಲಿ ಇಲ್ಲ.

ಸಂದೇಶ ಸಿಕ್ಕಿದ ಮೇಲೆ ಪೆಟ್ಟಿಗೆ ಮಾಡುವುದೇನು? ಅದು ವೋಲ್ಟೇಜನ್ನು ನೇರವಾಗಿ ತಗ್ಗಿಸುವುದಿಲ್ಲ. ಪೂರ್ಣ 12 ವೋಲ್ಟನ್ನೇ ಸೆಕೆಂಡಿಗೆ ಸಾವಿರಾರು ಸಲ ಕೊಡುತ್ತದೆ, ನಿಲ್ಲಿಸುತ್ತದೆ. ಕೊಡುವ ಕಾಲವೂ ನಿಲ್ಲಿಸುವ ಕಾಲವೂ ಸಮವಾದರೆ ಮೋಟಾರಿಗೆ ಸರಾಸರಿ 6 ವೋಲ್ಟು ಸಿಕ್ಕಿದಂತಾಯಿತು. ಕೊಡುವ ಕಾಲವನ್ನು ಹಿಗ್ಗಿಸಿದರೆ ವೇಗ, ಕುಗ್ಗಿಸಿದರೆ ನಿಧಾನ. ಕಲ್ಲಿನ ಗುಂಡನ್ನು ಮೆಲ್ಲಗೆ ತಳ್ಳಿದರೆ ಕದಲುವುದಿಲ್ಲ, ಚಿಕ್ಕಚಿಕ್ಕ ಹೊಡೆತಗಳಿಂದ ಕದಲುತ್ತದೆ. ಹಾಗೆಯೇ ಹಳೆಯ ಮೋಟಾರು ಈ ತುಣುಕು ವಿದ್ಯುತ್ತಿನಲ್ಲಿ ಬಸವನಹುಳುವಿನ ಗತಿಯಲ್ಲೂ ನಿಲ್ಲದೆ ನಡೆಯುತ್ತದೆ. ಇನ್ನು ದಿಕ್ಕನ್ನು ಬದಲಿಸಲು ಪೆಟ್ಟಿಗೆಯಲ್ಲಿ ನಾಲ್ಕು ವಿದ್ಯುನ್ಮಾನ ಸ್ವಿಚ್ಚುಗಳ ಒಂದು ಸೇತುವೆಯಿದೆ. ಎದುರುಬದುರಿನ ಒಂದು ಜೋಡಿ ತೆರೆದರೆ ಬಲಹಳಿ ಧನ. ಇನ್ನೊಂದು ಜೋಡಿ ತೆರೆದರೆ ಎಡಹಳಿ ಧನ.

ಎಲ್ಲ ಸಿದ್ಧವಾದ ದಿನ ಅಜ್ಜನ ಕೈಗೆ ರಿಮೋಟನ್ನು ಕೊಟ್ಟರು. ಹತ್ತು ನಿಮಿಷ ಸೊಗಸಾಗಿ ಓಡಿಸಿದರು. ಆಮೇಲೆ ರಿಮೋಟು ತೊಡೆಯಿಂದ ಜಾರಿ ನೆಲಕ್ಕೆ ಬಿದ್ದು ಅದರ ಬ್ಯಾಟರಿ ಕಳಚಿಕೊಂಡಿತು. ಪೆಟ್ಟಿಗೆಗೆ ಕೊನೆಯದಾಗಿ ತಲುಪಿದ್ದ ಆಜ್ಞೆ ‘ಪೂರ್ಣ ವೇಗ’ ಎಂದಿತ್ತು. ಹೊಸ ಆಜ್ಞೆ ಬರಲಿಲ್ಲವಾದ್ದರಿಂದ ಅದು ಹಳೆಯ ಆಜ್ಞೆಯನ್ನೇ ನಿಷ್ಠೆಯಿಂದ ಪಾಲಿಸುತ್ತ ಹೋಯಿತು. ಎಂಜಿನ್ನು ತಿರುವಿನಲ್ಲಿ ಹಳಿ ಬಿಟ್ಟು ಮೇಜಿನ ಅಂಚಿಗೆ ಬಂದಿತು. ಮೊಮ್ಮಗ ಎರಡು ಕೈಗಳನ್ನೂ ಒಡ್ಡಿ ಹಿಡಿಯದಿದ್ದರೆ ಅದರ ಕಥೆ ಅಂದಿಗೆ ಮುಗಿಯುತ್ತಿತ್ತು. ಮೊಮ್ಮಗಳು ಅತ್ತಳು. ಅಜ್ಜ ಹೇಳಿದ್ದಿಷ್ಟೇ: “ಗಾಡಿ ಹ್ಯಾಂಗ ಓಡ್ತೈತಿ ಅನ್ನೂದನ್ನ ಆಮ್ಯಾಲ ನೋಡ್ರಿ, ಹ್ಯಾಂಗ ನಿಲ್ತೈತಿ ಅನ್ನೂದನ್ನ ಮೊದಲ ನೋಡ್ರಿ.”

ಅವರ ಮಾತಿನ ಹಿಂದೆ ಒಂದು ಇಡೀ ಶಾಸ್ತ್ರವಿತ್ತು. ರೈಲಿನ ಬ್ರೇಕನ್ನೇ ತೆಗೆದುಕೊಳ್ಳಿ. 1872ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ರೂಪಿಸಿದ ಸ್ವಯಂಚಾಲಿತ ಗಾಳಿ ಬ್ರೇಕಿನಲ್ಲಿ, ರೈಲಿನುದ್ದಕ್ಕೂ ಹರಿಯುವ ಕೊಳವೆಯಲ್ಲಿ ಗಾಳಿಯ ಒತ್ತಡವಿರುವವರೆಗೆ ಬ್ರೇಕು ಬಿಟ್ಟುಕೊಂಡಿರುತ್ತದೆ. ಒತ್ತಡ ಇಳಿದರೆ ಬ್ರೇಕು ಕಚ್ಚುತ್ತದೆ. ಬೋಗಿಗಳ ಕೊಂಡಿ ಕಳಚಿ ಕೊಳವೆ ಹರಿದುಹೋದರೆ, ಯಾರೂ ಆಜ್ಞೆ ಕೊಡಬೇಕಾಗಿಲ್ಲ. ಎರಡು ತುಂಡುಗಳೂ ತಾವಾಗಿಯೇ ನಿಲ್ಲುತ್ತವೆ. ಹಳೆಯ ಕೈಮರದ ಸಿಗ್ನಲಿನ ತಂತಿ ತುಂಡಾದರೆ ಕೈ ಅಡ್ಡಲಾಗಿ ನಿಂತು ‘ನಿಲ್ಲು’ ಎಂದೇ ತೋರಿಸುವಂತೆ ಭಾರವನ್ನು ತೂಗಿಬಿಟ್ಟಿರುತ್ತಿದ್ದರು. ಕೈಗಾದಲ್ಲಿ ದುಡಿಯುವ ಗೆಳೆಯರ ಮಗ ತನ್ನ ಕೇಂದ್ರದ ಉದಾಹರಣೆಯನ್ನು ಕೊಟ್ಟ. ಅಲ್ಲಿಯ ರಿಯಾಕ್ಟರನ್ನು ತಟ್ಟನೆ ನಿಲ್ಲಿಸಲು ನ್ಯೂಟ್ರಾನುಗಳನ್ನು ಹೀರಿಕೊಳ್ಳುವ ಸರಳುಗಳಿವೆ. ಅವು ಮೇಲ್ಗಡೆ ವಿದ್ಯುತ್ಕಾಂತದ ಹಿಡಿತದಲ್ಲಿರುತ್ತವೆ. ವಿದ್ಯುತ್ತು ತಪ್ಪಿದರೆ ಹಿಡಿತ ಸಡಿಲುತ್ತದೆ. ಸರಳುಗಳು ತಮ್ಮ ಭಾರದಿಂದಲೇ ಕೆಳಕ್ಕೆ ಬೀಳುತ್ತವೆ. ಅವನ್ನು ಮೇಲೆ ಹಿಡಿದಿರಲು ಆಜ್ಞೆ ಬೇಕು, ಬೀಳಲು ಬೇಡ.

ಮಗನ ಕೆಲಸ ಇರುವುದೂ ದೂರದಿಂದ ನಡೆಸುವ ಯಂತ್ರಗಳ ವಿಭಾಗದಲ್ಲಿಯೇ. ಕೈಗಾದ ಪ್ರತಿಯೊಂದು ರಿಯಾಕ್ಟರಿನಲ್ಲಿಯೂ ಅಡ್ಡಲಾಗಿ ಮಲಗಿಸಿದ 306 ಕೊಳವೆಗಳಿವೆ; ಒಂದೊಂದರಲ್ಲಿಯೂ ಇಂಧನದ 12 ಕಟ್ಟುಗಳು. ಸವೆದ ಕಟ್ಟುಗಳನ್ನು ತೆಗೆದು ಹೊಸತನ್ನು ಹಾಕಲು ರಿಯಾಕ್ಟರನ್ನು ನಿಲ್ಲಿಸುವುದಿಲ್ಲ. ಉರಿಯುತ್ತಿರುವ ಒಲೆಗೇ ಸೌದೆಯನ್ನು ಒಟ್ಟುವಂತೆ ಅದು ನಡೆದಿರುವಾಗಲೇ ಬದಲಾಯಿಸುತ್ತಾರೆ. ವಿಕಿರಣದಿಂದಾಗಿ ಆಗ ಅಲ್ಲಿಗೆ ಮನುಷ್ಯ ಹೋಗುವಂತಿಲ್ಲ. ಆದ್ದರಿಂದ ಕೊಳವೆಯ ಎರಡು ತುದಿಗಳಿಗೂ ಒಂದೊಂದು ಯಂತ್ರ ಸರಿದು ಬಂದು ಅಂಟಿಕೊಳ್ಳುತ್ತದೆ. ಒಂದು ಹೊಸ ಕಟ್ಟನ್ನು ತಳ್ಳುತ್ತದೆ, ಇನ್ನೊಂದು ಹಳೆಯದನ್ನು ಪಡೆದುಕೊಳ್ಳುತ್ತದೆ. ನಡೆಸುವವರು ಕೂರುವುದು ದೂರದ ನಿಯಂತ್ರಣ ಕೊಠಡಿಯಲ್ಲಿ. ಎರಡು ಯಂತ್ರಗಳೂ ಒಂದೇ ಕೊಳವೆಯ ಎರಡು ತುದಿಗಳಿಗೆ ಸರಿಯಾಗಿ ಕೂಡಿಕೊಂಡಿವೆಯೆಂದು ಖಚಿತವಾಗುವವರೆಗೆ ಮುಂದಿನ ಹೆಜ್ಜೆ ಇಡುವಂತಿಲ್ಲ. ಕೈಗಾದ ಒಂದನೆಯ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ನಡೆದು, ಆ ಕಾಲಕ್ಕೆ ಜಗತ್ತಿನ ದಾಖಲೆಯನ್ನು ಸ್ಥಾಪಿಸಿದ್ದರಲ್ಲಿ ಈ ದೂರದ ಕೈಗಳ ಪಾಲೂ ಉಂಟು.

ಮೊಮ್ಮಗಳು ತನ್ನ ಪೆಟ್ಟಿಗೆಗಳನ್ನು ಮತ್ತೆ ಬಿಚ್ಚಿದಳು. ಈ ಸಲ ರಿಮೋಟು, ಗುಂಡಿಯನ್ನು ತಿರುಗಿಸಿದರೂ ತಿರುಗಿಸದಿದ್ದರೂ, ಸೆಕೆಂಡಿಗೆ ಹತ್ತು ಸಲ ತನ್ನ ಸಂದೇಶವನ್ನು ಕಳುಹಿಸುತ್ತಲೇ ಇರುವಂತೆ ಮಾಡಿದಳು. ಅರ್ಧ ಸೆಕೆಂಡು ಏನೂ ಕೇಳಿಸದಿದ್ದರೆ ಪೆಟ್ಟಿಗೆ ಹಳಿಯ ವಿದ್ಯುತ್ತನ್ನು ಕಡಿದುಬಿಡುತ್ತದೆ. ನಾನು ಹೋದ ದಿನ ಅದನ್ನು ಪರೀಕ್ಷಿಸುವ ಸುಯೋಗ ನನಗೇ ಸಿಕ್ಕಿತು. ಓಡುತ್ತಿದ್ದ ರೈಲನ್ನು ನೋಡುತ್ತ ರಿಮೋಟಿನ ಬ್ಯಾಟರಿಯನ್ನು ಎಳೆದೆ. ರೈಲು ಒಂದು ಬೋಗಿಯಷ್ಟು ದೂರ ಜಾರಿ ನಿಂತಿತು.

ಸಂಜೆ ಗೆಳೆಯರು ಒಳಸುತ್ತಿನಲ್ಲಿ, ಎಂದರೆ ಹುಬ್ಬಳ್ಳಿ–ಅಂಕೋಲೆ ಮಾರ್ಗದಲ್ಲಿ, ಹಳೆಯ ಎಂಜಿನ್ನಿಗೆ ನಾಲ್ಕು ಬೋಗಿಗಳನ್ನು ಕಟ್ಟಿಸಿದರು. ಒಂದನೆಯ ಸುತ್ತಿನ ರಿಮೋಟು ಅವರ ಕೈಯಲ್ಲಿ, ಎರಡನೆಯದು ಮೊಮ್ಮಗಳ ಕೈಯಲ್ಲಿ. ಒಳಸುತ್ತಿನಿಂದ ಪಾಯಿಂಟನ್ನು ದಾಟಿ ಹೊರಸುತ್ತಿನ ಅಂಕೋಲೆಗೆ ರೈಲನ್ನು ತಲುಪಿಸುವುದು ಅಂದಿನ ಕೆಲಸ. ಇದರಲ್ಲಿ ಒಂದು ಸೂಕ್ಷ್ಮವಿದೆ. ಎಂಜಿನ್ನು ಪ್ಲಾಸ್ಟಿಕ್ ಸಂದಿಯ ಮೇಲಿರುವ ಕ್ಷಣದಲ್ಲಿ ಅದರ ಮುಂಗಾಲಿಗಳು ಒಂದು ಸುತ್ತಿನಲ್ಲಿ, ಹಿಂಗಾಲಿಗಳು ಇನ್ನೊಂದರಲ್ಲಿ. ಎರಡು ಸುತ್ತುಗಳ ಧನ ಋಣಗಳು ಹೊಂದದಿದ್ದರೆ ಎರಡು ವಿದ್ಯುತ್ತುಗಳೂ ಎಂಜಿನ್ನಿನೊಳಗೇ ಕಾದಾಡುತ್ತವೆ. ದಿಕ್ಕು ಒಂದೇ ಇರಬೇಕು, ವೇಗವೂ ಹೆಚ್ಚುಕಡಿಮೆ ಸಮವಿರಬೇಕು. ಇಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಳ್ಳದೆ ಇದು ಸಾಗದು.

ಮೊಮ್ಮಗ ತನ್ನ ಹೊಸ ಎಂಜಿನ್ನನ್ನು ಅಂಕೋಲೆಯ ಲೂಪ್ ಲೈನಿಗೆ ಸರಿಸಿ, ಆ ಹಳಿಯ ಸ್ವಿಚ್ಚನ್ನು ಆರಿಸಿದ. ಮುಖ್ಯ ಹಳಿ ಖಾಲಿಯಾಯಿತು.

“ಲೈನ್ ಕ್ಲಿಯರ್ ಐತೇನವಾ?” ಎಂದು ಕಿಟಕಿಯ ಬಳಿಯಿಂದ ಪ್ರಶ್ನೆ ಬಂದಿತು.

“ಐತಿ ಅಜ್ಜಾ” ಎಂದು ಅವಳು ಗುಂಡಿಯನ್ನು ತಿರುಗಿಸಿ ಹಿಡಿದಳು.

ಹಳೆಯ ಎಂಜಿನ್ನು ತಿರುವನ್ನು ಬಳಸಿ, ಪಾಯಿಂಟಿನ ಬಳಿ ನಿಧಾನಿಸಿ, ಸಂದಿಯ ಮೇಲೆ ಒಂದು ಸಲ ಮಿಡುಕಿ ಆಚೆಗೆ ದಾಟಿತು. ಬೋಗಿಗಳು ಒಂದರ ಹಿಂದೊಂದು ದಾಟಿದುವು. ಈಗ ಅದರ ಗಾಲಿಯ ಕೆಳಗಿದ್ದದ್ದು ಎರಡನೆಯ ಸುತ್ತಿನ ಹಳಿ. ಗೆಳೆಯರ ರಿಮೋಟಿಗೂ ಆ ಎಂಜಿನ್ನಿಗೂ ಇನ್ನು ಸಂಬಂಧವಿರಲಿಲ್ಲ. ಅವರು ತಮ್ಮ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ರಿಮೋಟನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ರೈಲು ಮೊಮ್ಮಗಳ ಕೈಯಲ್ಲಿ ಅಂಕೋಲೆಯ ಕಡೆಗೆ ನಡೆಯುತ್ತಿತ್ತು.